ಹುಳಿ ವಾಸನೆ

ನೆಲಮಾಳಿಗೆಯ ಬಾಗಿಲು ತೆರೆದರೆ ಮೊದಲು ಮೂಗಿಗೆ ಬಡಿಯುವುದು
ವಿನೆಗರ್. ಯಾರೋ ಭರಣಿ ಒಡೆದು ಹೇಳದೆ ಹೋದ ಹಾಗೆ.
ಫಿಲ್ಮು ಸಾಯುವ ವಾಸನೆ ಇದು, ಎಂದಿದ್ದಳು ಮಾರ್ಲಿಸ್
ನಾನು ಕೆಲಸಕ್ಕೆ ಸೇರಿದ ದಿನ,
ಸೀನುತ್ತ.

ನಾರ್ತ್ ಡಕೋಟ. ಹೊರಗೆ ಮೈನಸ್ ಇಪ್ಪತ್ತಾರು,
ಗಾಳಿಗೆ ಅಡ್ಡ ನಿಲ್ಲಲು ಒಂದು ಮರವೂ ಇಲ್ಲದ ಬಯಲು.
ಒಳಗೆ ನಾನೂರ ಹನ್ನೆರಡು ಸುರುಳಿ:
ಮುಚ್ಚಿಹೋದ ಊರುಗಳ ವಾರಪತ್ರಿಕೆ,
ಗೋಧಿಯ ದರ, ಹೆತ್ತವರು, ಸತ್ತವರು,
ರೈಲು ಇಳಿದವರು, ಹತ್ತಿದವರು,
ರಷ್ಯದಿಂದ ಬಂದ ಜರ್ಮನ್ನರು ಚರ್ಚಿನ ಗಂಟೆ ಯಾರದೆಂದು
ಮೂರು ಸಂಚಿಕೆ ತುಂಬ ಆಡಿದ ಜಗಳ.
ಸುರುಳಿ ಬಿಚ್ಚುವುದು, ದೀಪದಡಿ ಹಾಯಿಸುವುದು ನನ್ನ ಕೆಲಸ.
ಓದಬಾರದು. ಓದಿದರೆ ಗಂಟೆಗೆ ಅರವತ್ತು ಪುಟ ಆಗುವುದಿಲ್ಲ.
ಓದುತ್ತೇನೆ.

ಜನವರಿಯಲ್ಲಿ ಬಿಸ್ಮಾರ್ಕಿಗೆ ಹೋದೆವು, ಅನುದಾನ ಕೇಳಲು.
ಮಾರ್ಲಿಸ್ ನೀಲಿ ಕೋಟು ತೊಟ್ಟಿದ್ದಳು. ನಾನು ಫಲಕ ಹೊತ್ತಿದ್ದೆ:
ಐದು ವರ್ಷದ ಯೋಜನೆ, ಬಣ್ಣಬಣ್ಣದ ಕಂಬಗಳು.
ಸಮಿತಿಯ ಮುಂದೆ ನಮಗೆ ಹತ್ತು ನಿಮಿಷ.
ನಮಗಿಂತ ಮೊದಲು ಹಿಮ ತೆಗೆಯುವ ಲಾರಿ,
ನಮ್ಮ ನಂತರ ಸೆರೆಮನೆಯ ಛಾವಣಿ.

ಸೆನೆಟರ್ ವಾಸ್ಲರ್ ಒಳ್ಳೆಯ ಮನುಷ್ಯ,
ನಾಲ್ಕು ಸಾವಿರ ಎಕರೆ ಸೂರ್ಯಕಾಂತಿ.
ಕನ್ನಡಕ ಹಣೆಗೇರಿಸಿ ಕೇಳಿದ:
"ಕಳೆದ ತಿಂಗಳು ಇದನ್ನೆಲ್ಲ ತೆರೆದು ನೋಡಿದ್ದು ಎಷ್ಟು ಸಲ?"
"ನಲವತ್ತೊಂದು."
"ಸಾವಿರವೆ?"
"ಬರೀ ನಲವತ್ತೊಂದು."
ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.
ಒಬ್ಬ ಬರೆದುಕೊಂಡ. ಪೆನ್ನಿನ ಸದ್ದು ಕೇಳಿತು.

ವಾಪಸು ಬರುವಾಗ ಟಾರಿನ ಮೇಲೆ ಹಿಮ
ಹಾವು ಹಾವಾಗಿ ಹರಿಯುತ್ತಿತ್ತು.
ಎಪ್ಪತ್ತು ಮೈಲಿ ಮಾತಿಲ್ಲ.
ಆಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, ಅವಳೆಂದಳು:
"ಅದರಲ್ಲಿ ಹತ್ತೊಂಬತ್ತು ನಾನೇ."

ಒಂದೇ ಪುಟ. ೧೯೧೯, ಫೆಬ್ರವರಿ ಏಳು. ಕೆಳಗೆ, ಎಡಕ್ಕೆ,
ಬೀಜದ ಜಾಹೀರಾತಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಎರಡು ಸಾಲು:
ಶಾಲೆಯ ಮಿಸ್ ಟಿಲ್ಡಾ ರಾಸ್ಮಾರ್ಕ್ ಗುರುವಾರದ ರೈಲಿಗೆ ಹೊರಟರು.
ವಿಳಾಸ ಕೊಟ್ಟಿಲ್ಲ.
ಸ್ಕ್ಯಾನ್ ಮಾಡಿದ್ದು ನಾನು. ಗಾಜಿನ ಮೇಲೆ ಒಂದು ಕೂದಲು,
ನನ್ನದೇ, ಹೆಸರಿನ ಕೆಳಗೆ ಗೆರೆ ಎಳೆದಂತೆ ಬಿದ್ದಿತ್ತು.
ಮತ್ತೆ ತೆಗೆಯಬೇಕಿತ್ತು. ತೆಗೆಯಲಿಲ್ಲ.

ಟಿಲ್ಡಾ ಯಾರೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ನನಗೆ ಹೊಳೆದದ್ದು ಬರೀ ಲೆಕ್ಕ:
ನಲವತ್ತೊಂದರಲ್ಲಿ ಹತ್ತೊಂಬತ್ತು ಹೋದರೆ ಇಪ್ಪತ್ತೆರಡು.
ಅದರಲ್ಲಿ ಮೂರು ನಾನು.
ಹೀಟರಿಗೆ ಬೂಟಿನ ಹಿಮ ಕರಗಿ ಕಾಲಡಿ ಕೊಚ್ಚೆಯಾಗಿತ್ತು.

ಏಪ್ರಿಲ್ ಕೊನೆಗೆ ಕಾಗದ ಬಂತು.
ಸ್ಕ್ಯಾನಿಂಗಿಗೆ: ಸೊನ್ನೆ.
ಸ್ಕ್ಯಾನಿಂಗ್ ಕುರಿತ ಮುಂದಿನ ಯೋಜನೆ ತಯಾರಿಸಲು:
ಹನ್ನೊಂದು ಸಾವಿರ ಡಾಲರ್.
ಹಸುವಿಗೆ ಹುಲ್ಲಿಲ್ಲ, ಹುಲ್ಲಿನ ಚಿತ್ರ ಬರೆಸಲು ಕಾಸುಂಟು.
ಮಾರ್ಲಿಸ್ ಎರಡು ಸಲ ಓದಿ
'ಯೋಜನೆ' ಎಂಬ ಕಡತಕ್ಕೆ ಸೇರಿಸಿದಳು.

ಉಳಿದದ್ದು ನೂರ ಎಂಬತ್ತೇಳು ಸುರುಳಿ. ಬೇಸಿಗೆ ಬಾಗಿಲಲ್ಲಿ.
ಹುಳಿ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ,
ಮೊಸರಿಗೆ ಹೆಪ್ಪು ಹಾಕಿದಂತೆ. ಹೆಪ್ಪುಗಟ್ಟಿಸಿದರೆ ಮಾತ್ರ ನಿಧಾನ.

ಶನಿವಾರ ಬಾಯ್ಲರ್ ನೋಡಿಕೊಳ್ಳುವ ವರ್ಲಿನ್ ಪಿಕಪ್ಪಿನಲ್ಲಿ
ಒಂದು ಡೀಪ್ ಫ್ರೀಜರ್ ತಂದ, ಮೂಲೆಯಲ್ಲಿ ತುಕ್ಕು.
"ಮನೆಯವಳು ಹೊಸದು ಕೊಂಡಳು" ಎಂದ.
ಕೊಂಡಿರಲಿಲ್ಲ. ಆಮೇಲೆ ದಿನಸಿ ಅಂಗಡಿಯಲ್ಲಿ ಸಿಕ್ಕಾಗ
ಅವಳೇ ಅಂದಳು, ಅರ್ಧ ಕೋಪ.

ಸುರುಳಿಗೆ ಎರಡೆರಡು ಚೀಲ ಕಟ್ಟಿ, ಗಾಳಿ ಹಿಂಡಿ ತೆಗೆದು,
ಇಸವಿಯ ಪ್ರಕಾರ ಮಲಗಿಸಿದೆವು:
ಇಪ್ಪತ್ತೊಂದು, ಇಪ್ಪತ್ತೆರಡು, ಧೂಳಿನ ವರ್ಷಗಳು,
ಯುದ್ಧದ ವರ್ಷಗಳು ಅಡ್ಡಲಾಗಿ, ಜಾಗ ಸಾಲದೆ.
ಒಳಗಿನ ಬುಟ್ಟಿಗೆ ಹಳೆಯ ಚೀಟಿ ಅಂಟಿಯೇ ಇತ್ತು,
ವರ್ಲಿನ್‌ನ ದಪ್ಪಕ್ಷರ:
ಜಿಂಕೆ. ಹಿಂಗಾಲು. ನವೆಂಬರ್.
ಉಗುರಿನಿಂದ ಕೀಳಲು ಹೋದೆ.

"ಬಿಡು," ಎಂದಳು ಮಾರ್ಲಿಸ್, ಮುಚ್ಚಳ ಎತ್ತಿ ಹಿಡಿದೇ.
"ತಿಂಗಳಿದೆ, ಇಸವಿ ಇಲ್ಲ.
ಅವನನ್ನು ಕೇಳಿ ಬರೆದಿಡು."