ಗೀರು

ಪಟ್ಟಿ ಕೇಳಬೇಡ, ಡೆವಿಟ್.
ಪಟ್ಟಿ ಬರೆಯೋದು ದಿನಸಿಗೆ.
ಕೂರು. ಬಾಯ್ಲರ್ ಪಕ್ಕ ಬೇಡ,
ಟೊಲೀಡೊದ ಚಳಿಗೆ ಅದು ತನ್ನದೇ ತಾಳ ಹಾಕುತ್ತೆ.

ಮೊದಲು ಈ ಪ್ಲೇಟು: ಪಿಯಾನೊ, ಡ್ರಮ್ಮು,
ಆಳೆತ್ತರದ ಬಾಸ್. ಮೂವರೇ.
ಡ್ರಮ್ಮಿನವನ ಕೈಯಲ್ಲಿ ಕೋಲಿಲ್ಲ, ಕುಂಚ;
ಬೆಳಕು ಹರಿಯೋ ಮುಂಚೆ
ಯಾರೋ ಜಗಲಿ ಗುಡಿಸಿದ ಹಾಗೆ.

ಇನ್ನೊಂದು, ಹೊದಿಕೆ ಹರಿದದ್ದು.
ನಿನಗೆ ಇಷ್ಟವಾಗಲ್ಲ. ಒಯ್ಯಿ.
ಆ ಸ್ಯಾಕ್ಸೊಫೋನು ಜಗಳ ತೆಗೀತಿಲ್ಲ,
ದಾರಿ ಕೇಳ್ತಿದೆ ಅಂತ ತಿಳಿಯೋಕೆ
ನನಗೇ ಹನ್ನೊಂದು ವರ್ಷ ಹಿಡೀತು.

ಅದನ್ನ ಮುಟ್ಟಬೇಡ.
ಎರಡನೇ ಬದಿಯಲ್ಲಿ ಒಂದು ಗೀರಿದೆ.
ಗಾಜಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಸಂಜೆ
ಅಕ್ಕ ಅರ್ನೆಟ್ಟಾ ಕುಣೀತಾ
ಮೇಜಿಗೆ ಸೊಂಟ ತಾಗಿಸಿದ್ದು.
ಅಲ್ಲಿ ಟ್ರಂಪೆಟ್ಟು ಒಂದು ಮೆಟ್ಟಿಲು ಹಾರುತ್ತೆ.

ಹೋದ ವರ್ಷ ಹೊಸ ಪ್ರತಿ ಕೊಂಡೆ, ನಲವತ್ತು ಡಾಲರ್.
ಒಂದು ಗೀರಿಲ್ಲ.
ಟ್ರಂಪೆಟ್ಟು ಎಲ್ಲ ಮೆಟ್ಟಿಲೂ ಹತ್ತಿತು
ಬಾಡಿಗೆ ವಸೂಲಿಗೆ ಬಂದವನ ಹಾಗೆ.
ನಾನು ಕಾಯ್ತಾನೇ ಇದ್ದೆ,
ಎಲ್ಲಿ ಹಾರಬೇಕೋ ಅಲ್ಲಿ.

ಸರಿ, ಬರಕೋ: ಇದಿಲ್ಲದೆ ಆಗಲ್ಲ.
ಹೊಸದು ನೀನೇ ಇಟ್ಟುಕೋ.
ಮನೆಯಲ್ಲಿ ಯಾರಾದರೂ ಕುಣಿದರೆ
ಮೇಜು ಸರಿಸಬೇಡ.