ಹನ್ನೆರಡು ಕಿವಿ

ಗೋಡೆಗೂ ಕಿವಿಯುಂಟು ಅನ್ನುತ್ತಾರಲ್ಲ,
ಉಂಟು. ನಾನೇ ಅಂಟಿಸಿದ್ದು,
ಗ್ರೀಸು ಸವರಿ, ಅಯಸ್ಕಾಂತ ಒತ್ತಿ,
ನೆಲದಿಂದ ಎರಡು ಮೊಳ ಮೇಲೆ, ಸುತ್ತ ಹನ್ನೆರಡು.

ಮದ್ದೂರಿನಾಚೆ ಡಿಸ್ಟಿಲರಿಯ ಮೂರನೇ ಟ್ಯಾಂಕು.
ಒಳಗೆ ಸ್ಪಿರಿಟ್ಟು, ನಿನ್ನೆ ಬೆಳಗಿನಿಂದ ಅಲುಗದೆ ನಿಂತಿದೆ.
ಹನ್ನೊಂದು ವರ್ಷದಿಂದ ತಳ ಕಂಡವರಿಲ್ಲ.
ಬರಿದು ಮಾಡಿ ಎಂದರೆ ಮ್ಯಾನೇಜರು
ಕ್ಯಾಲೆಂಡರಿನತ್ತ ನೋಡುತ್ತಾರೆ: ಕಬ್ಬು ಅರೆಯುವ ಕಾಲ.

ಹಾಗಾಗಿ ಕೇಳುವುದು.
ಪಂಪು ನಿಲ್ಲಿಸಿದೆವು, ಕಂಪ್ರೆಸರ್ ನಿಲ್ಲಿಸಿದೆವು.
ಕಬ್ಬಿನ ಟ್ರ್ಯಾಕ್ಟರುಗಳನ್ನು ಗೇಟಿನಾಚೆಯೇ ತಡೆದು
ವಾಚ್‌ಮನ್ ಹುಚ್ಚಯ್ಯ, ಒಳಗೆ ಯಾರಿಗೋ
ಹೆರಿಗೆ ಆಗುತ್ತಿದೆ ಅನ್ನುವಂತೆ
ಡ್ರೈವರುಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ರಾತ್ರಿ ಒಂದೂವರೆ. ಕಟ್ಟೆಯಾಚೆಯ ವ್ಯಾನಿನಲ್ಲಿ
ಪರದೆಯ ಮೇಲೊಂದು ಚುಕ್ಕಿ. ಮತ್ತೊಂದು. ಎದೆ ಹಾರಿತು.
ಬೋರಲಿಂಗಣ್ಣ ಟಾರ್ಚು ಬಿಟ್ಟು ಮೇಲೆ ನೋಡಿ,
"ಮಂಜು ಕಣವ್ವ, ಸೂರಿಂದ ತೊಟ್ಟಿಕ್ತಾ ಐತೆ" ಅಂದ.
ಅಳಿಸಿದೆ.
ಇನ್ನೊಂದು ಸಲ ಹಲ್ಲಿ, ಏಳನೇ ಕಿವಿಯ ಪಕ್ಕ, ಅದರ ಪಾಡಿಗದು.
ಓಡಿಸಲು ಹೋದರೆ ನನ್ನ ಹೆಜ್ಜೆಯೇ ಹತ್ತು ಚುಕ್ಕಿ.

ಗಾಣದ ಮನೆಯಲ್ಲಿ ಇಪ್ಪತ್ತಾರು ವರ್ಷ ಬೋರಲಿಂಗಣ್ಣ;
ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ.
"ಖಾಲಿ ಟ್ಯಾಂಕಿಗೆ ಸುತ್ತಿಗೇಲಿ ಬಡೀತಿದ್ವಿ ಆಗ,
ಕಬ್ಬಿಣ ಉತ್ರ ಕೊಡೋದು. ನೀವು ಬಡಿಯೋದೂ ಇಲ್ವಲ್ಲ."
ಇಲ್ಲ. ಅದು ತಾನಾಗಿ ಬಾಯಿಬಿಡುವ ತನಕ
ಕಾಯುವುದೇ ನಮ್ಮ ಕಸುಬು.

ಎರಡು ನಲವತ್ತಕ್ಕೆ ಬಿಟ್ಟಿತು.
ನಾಲ್ಕು, ಐದನೇ ಕಿವಿಗಳ ನಡುವೆ, ಎರಡು ಮಾರು ಒಳಗೆ,
ಒಣ ಎಲೆಯ ಮೇಲೆ ಇರುವೆ ನಡೆದಷ್ಟು. ಅಷ್ಟೂ ಇಲ್ಲ.
ತುಕ್ಕಿನ ಹಕ್ಕಳೆ ಉಬ್ಬಿ, ಬಿರಿದು,
ಅಡಿಯ ಹೊಸ ಕಬ್ಬಿಣಕ್ಕೆ ಬಾಯಿ ಹಾಕುವ ಸದ್ದು.
ಮನುಷ್ಯರ ಕಿವಿಯದಲ್ಲ ಅದು. ಪರದೆಯ ಮೇಲೆ ಮಾತ್ರ
ರಾಗಿ ಚೆಲ್ಲಿದ ಹಾಗೆ.

ಎಷ್ಟು ಆಳ ತಿಂದಿದೆ? ಗೊತ್ತಿಲ್ಲ.
ತಿನ್ನುತ್ತಿದೆ ಎಂದಷ್ಟೇ ಬರೆಯಬಲ್ಲೆ.
ತಿಂದು ಮುಗಿಸಿದ್ದು ಮಾತಾಡುವುದಿಲ್ಲ.
ಉಳಿದ ತಳವೆಲ್ಲ ಸುಮ್ಮನಿದೆ, ಗಟ್ಟಿ ಇದ್ದೋ,
ಹೇಳಲು ಏನೂ ಉಳಿಯದೆಯೋ;
ಅದನ್ನು ಬರೆಯಲು ವರದಿಯಲ್ಲಿ ಖಾನೆ ಇಲ್ಲ.

ನಾಲ್ಕಕ್ಕೆ ಕಿವಿಗಳನ್ನು ಕಿತ್ತೆವು.
ಬೋರಲಿಂಗಣ್ಣ ಒಂದನ್ನು ಅಂಗೈಲಿ ಹೊರಳಿಸಿ,
"ಇದನ್ನ ನನ್ನ ಕಿವಿಗಿಟ್ರೆ ಏನಾರ ಕೇಳ್ತದಾ?"
ನಗುತ್ತಲೇ ಕೇಳಿದ, ನಾನೂ ನಕ್ಕೆ:
"ಇದು ಕೇಳೋದಷ್ಟೇ ಅಣ್ಣ, ಕೇಳಿಸೋದಿಲ್ಲ."
ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳುವಷ್ಟರಲ್ಲಿ
ಗೇಟು ತೆರೆಯಿತು, ಮೊದಲ ಟ್ರ್ಯಾಕ್ಟರು ಕೆಮ್ಮಿತು.
ಗ್ರೀಸಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು
ಅವನು ಪಂಪಿನ ಕಡೆ ಹೊರಟ.