ಸೈರನ್ನಿಗೆ ಮೊದಲು ಐದು ಸಾಲು

ಬತೂಲ್ ಬೋರ್ಡಿನ ಮೇಲೆ ಒಂದೇ ಒಂದು ಪದ ಬರೆದು
ಕೈಯ ಸೀಮೆಸುಣ್ಣ ಒರೆಸಿಕೊಂಡು ಕೂತುಬಿಡುತ್ತಾಳೆ.
ಟೀಚರ್ ಅಂದರೂ ನನ್ನ ಕಿರಿಮಗಳ ವಯಸ್ಸು.
ಐದು ಸಾಲು, ಅಷ್ಟೇ. ತಪ್ಪಾದರೆ ಆಗಲಿ, ಅನ್ನುತ್ತಾಳೆ.
ಮೊದಲ ಸಂಜೆಯ ಪದ: ಉಪ್ಪು.

ಹದಿನಾಲ್ಕು ಜನ ಗೊಳ್ಳೆಂದು ನಕ್ಕೆವು.
ಸಫಿ ಬಂದರಿನ ಹೆಂಗಸರಿಗೆ ಉಪ್ಪು ಹೇಳಿಕೊಡಬೇಕೆ?
ಇಪ್ಪತ್ತು ವರ್ಷ ಬೆರಳ ಸಂದಿಯಲ್ಲಿ ಉರಿದದ್ದು,
ಮದುವೆಯ ಗೋರಂಟಿಯನ್ನು ಮೂರೇ ದಿನಕ್ಕೆ ತಿಂದದ್ದು.
ಬರೆಯುವುದೇನು, ಕೈ ಮೂಸಿ ನೋಡು ಸಾಕು
ಅಂದಳು ಇತ್ತೂ.
ಆದರೂ ಬರೆದೆ. ಮೀಮ್ ಅಕ್ಷರದಿಂದ ಶುರು:
ಸಣ್ಣ ಗುಂಡು ತಲೆ, ಬಲದಿಂದ ಎಡಕ್ಕೆ ಹೊರಟ
ಮರಿಮೀನಿನ ಹಾಗೆ. ಎರಡನೇ ಸಾಲಿಗೇ
ಬೆವರಿಗೆ ಪೆನ್ಸಿಲು ಜಾರಿತು.
ಐವತ್ತೊಂದು ವರ್ಷದ ಕೈ. ನಿಮಿಷಕ್ಕೆ
ಮೂವತ್ತು ಸಾರ್ಡೀನುಗಳ ತಲೆ ತೆಗೆಯುವ ಕೈ.

ಆಮೇಲೆ ದಿನಕ್ಕೊಂದು.
ಏಣಿ. ಚಿಕ್ಕಮ್ಮ. ಬೀಗದ ಕೈ.
ಏನೂ ಹೊಳೆಯದ ದಿನ ರ್ಕಿಯಾ ಏಣಿಯ ಚಿತ್ರ ಬರೆದು
ಮೇಲಿನ ಮೆಟ್ಟಿಲಿಗೆ ತನ್ನ ಹೆಸರು ಕೂರಿಸಿದಳು.
ಕಿಟಕಿ ಬಂದ ದಿನ ಮಹಜೂಬಾ ಜಗಳಕ್ಕೇ ನಿಂತಳು:
ನಮ್ಮ ಕಾರ್ಖಾನೆಗೆ ಕಿಟಕಿ ಎಲ್ಲಿದೆ?
ಹಾಗಂತಲೇ ಬರಿ, ಅಂದಳು ಬತೂಲ್.
ಬರೆದಳು. ಎದ್ದು ನಿಂತು ಓದುತ್ತಿದ್ದರೆ
ಗೋಡೆಯಿಂದ ಒಂದೊಂದೇ ಇಟ್ಟಿಗೆ ಹೊರಬಂತು,
ಕೊನೆಗೆ ಆ ತೂತಿನ ಆಚೆಯಿಂದ ಅವಳ ತಂಗಿ,
ಹೆರಿಗೆಯಲ್ಲಿ ಹೋದವಳು,
ಅಕ್ಕಾ, ಒಂದು ಹಿಡಿ ಸಕ್ಕರೆ ಇದೆಯಾ ಅಂತ ಕೇಳಿದಳು.
ನಮ್ಮಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಪದ ಮನೆಗೂ ಬರುತ್ತದೆ, ಬೇಡವೆಂದರೂ.
ಹಿಟ್ಟು ನಾದುವಾಗ ಮೊಣಕೈಗೆ ತಾಕುತ್ತದೆ.
ಇಷ್ಟು ವರ್ಷ ಬರೀ ಬೀಗದ ಕೈ ಆಗಿದ್ದದ್ದು
ಒಂದೇ ರಾತ್ರಿಯಲ್ಲಿ, ಯಾರು ಒಳಗೆ, ಯಾರು ಹೊರಗೆ
ಅನ್ನುವ ಪ್ರಶ್ನೆಯಾಗಿ ದಿಂಬಿನಡಿ ಚುಚ್ಚುತ್ತದೆ.

ಮೊನ್ನೆ ಪದವಲ್ಲ, ಮುರಿದ ಒಂದು ತುಂಡು ಮಾತು:
ಅವತ್ತು ಬಾಯಿ ಬಿಟ್ಟಿದ್ದರೆ...
ಏನು ಬರೆಯಬೇಕೆಂದು ನನಗೆ ಗೊತ್ತಿತ್ತು.
ಅಪ್ಪ ಸತ್ತ ನಲವತ್ತನೇ ದಿನ ಅಣ್ಣ ತಂದ ಕಾಗದ,
ನೀಲಿ ಇಂಕಿನ ಡಬ್ಬಿ, ನನ್ನ ಹೆಬ್ಬೆರಳು ಹಿಡಿದ
ಗುಮಾಸ್ತನ ಬೆಚ್ಚನೆಯ ಕೈ. ಏನಿದು ಅಂದಿದ್ದೆ.
ಸುಮ್ಮನೆ ಒಂದು ಶಾಸ್ತ್ರ, ಅಂದಿದ್ದ ಅಣ್ಣ.

ಅದನ್ನು ಬರೆಯಲಿಲ್ಲ.
ಬಂದರಿನ ಕುಂಟ ಬೆಕ್ಕಿನ ಮೇಲೆ ಬರೆದೆ:
ನಾಯಿ ಬಂದಾಗ ಅದು ಕೂಗಲಿಲ್ಲ, ಯಾಕೆಂದರೆ
ಬಾಯಿ ಬಿಟ್ಟಿದ್ದರೆ
ಮೀನು ಬೀಳುತ್ತಿತ್ತು.
ಎಲ್ಲರೂ ನಕ್ಕರು. ಬತೂಲ್ ನಗಲಿಲ್ಲ.
ಪುಸ್ತಕ ವಾಪಸು ಕೊಡುವಾಗ ಮೆಲ್ಲಗೆ ಕೇಳಿದಳು,
ಆಮೇಲಾದರೂ ಆ ಮೀನು ಅದಕ್ಕೆ ದಕ್ಕಿತಾ?

ಉತ್ತರಕ್ಕೆ ಮೊದಲು ಸೈರನ್ನು.
ದೋಣಿ ಬಂತೆಂದರೆ ಅದು ಹೊತ್ತುಗೊತ್ತು ನೋಡುವುದಿಲ್ಲ,
ನಮಾಜಿನ ಮಧ್ಯೆ ಕೂಗುತ್ತದೆ, ಮಗುವಿನ ಬಾಯಿಗೆ
ಎದೆ ಕೊಟ್ಟಿರುವಾಗ ಕೂಗುತ್ತದೆ.
ಏಪ್ರನ್ನಿನ ದಾರ ಕಟ್ಟಿಕೊಳ್ಳುತ್ತಲೇ ಓಡಿದೆವು,
ಪೆನ್ಸಿಲು ನನ್ನ ತುರುಬಿನಲ್ಲೇ ಉಳಿಯಿತು.

ಈಗ ಬೆಳಗಿನ ಜಾವ ಮೂರು. ಬೆಲ್ಟಿನ ಮೇಲೆ
ಬೆಳ್ಳಿ ಬರುತ್ತಲೇ ಇದೆ.
ಒಂದರ ತಲೆ ಆ ಕಡೆ, ಒಂದರದು ಈ ಕಡೆ,
ಡಬ್ಬಿಗೆ ಐದು. ಐದು ಸಾಲು.
ಮೊದಲನೆಯದು, ಕಾಗದ ತಂದ.
ಎರಡನೆಯದು, ಇಂಕು ತಣ್ಣಗಿತ್ತು.
ಮೂರನೆಯದು ಅಪ್ಪನ ಮನೆಯ ಅಂಜೂರದ ಮರ.
ನಾಲ್ಕನೆಯದು ಕೊಂಚ ಬಾಗಿದೆ: ಅದೇ ಅಣ್ಣನ ಮಗಳ ಮದುವೆಗೆ
ನಾನೇ ನೇಯ್ದು ಕೊಟ್ಟ ಕಂಬಳಿ.

ನಾಲ್ಕೇ ಇದೆಯಲ್ಲೇ, ನಿದ್ದೆಯಾ?
ಮೇಲ್ವಿಚಾರಕಿ ಡಬ್ಬಿ ನನ್ನತ್ತ ತಳ್ಳುತ್ತಾಳೆ.

ನಾಳೆ ಯಾವ ಪದವೋ, ಅನ್ನುತ್ತಾಳೆ ಪಕ್ಕದ ಇತ್ತೂ.
ಚಮಚ ಬರಲಪ್ಪಾ, ಅನ್ನುತ್ತೇನೆ.
ಚಮಚದ ಬಗ್ಗೆ ನನ್ನ ಹತ್ತಿರ ಬೇಕಾದಷ್ಟಿದೆ.